"ಡಾಕ್ಟ್ರೇ, ಹೋದ ಕಣ್ಣು ವಾಪಸ್ ಬರುತ್ತಾ?"

ಎಂಆರ್‌ಐ ಕೋಣೆಯ ಹೊರಗೆ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಬಾಣಂತಿಯ ತಾಯಿ, ಇಲ್ಲವೇ ಗಂಡ. ಹೆರಿಗೆ ಚೆನ್ನಾಗೇ ಆಗಿರುತ್ತದೆ. ಎರಡು ಮೂರು ದಿನಕ್ಕೆ ತಲೆ ಸಿಡಿಯುವಂಥ ನೋವು, ಆಮೇಲೆ ಫಿಟ್ಸ್, ಎಚ್ಚರವಾದಾಗ ಕಣ್ಣೇ ಕಾಣುವುದಿಲ್ಲ. ಒಬ್ಬ ಹೆಣ್ಣುಮಗಳು ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ "ಕರೆಂಟ್ ಯಾವಾಗ ಬರುತ್ತಮ್ಮಾ?" ಎಂದು ಕೇಳಿದ್ದಳು. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಸರಿಯಾಗಿಯೇ ಕುಗ್ಗುತ್ತಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ನೋಟವನ್ನು ಗುರುತಿಸುವ ಮಿದುಳಿನ ಹಿಂಭಾಗದಲ್ಲಿ.

ಬಹಳಷ್ಟು ಜನರಿಗೆ ನೋಟ ವಾಪಸ್ ಬರುತ್ತದೆ. ಕೆಲವರಿಗೆ ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ. ಆದರೆ ಚಿಕಿತ್ಸೆ ತಡವಾಗಬಾರದು.

ಇದಕ್ಕೆ ನಾವು 'ಪ್ರೆಸ್' (PRES) ಅನ್ನುತ್ತೇವೆ. ಪೂರ್ತಿ ಹೆಸರು 'ಪೋಸ್ಟೀರಿಯರ್ ರಿವರ್ಸಿಬಲ್ ಎನ್‌ಸೆಫಲೋಪತಿ ಸಿಂಡ್ರೋಮ್', ಅಂದರೆ ಹೆಚ್ಚಾಗಿ ಮಿದುಳಿನ ಹಿಂಭಾಗಕ್ಕೆ ಬರುವ, ವಾಪಸ್ ಸರಿಹೋಗಬಲ್ಲ ತೊಂದರೆ. 1996ರಲ್ಲಿ ವೈದ್ಯರು 15 ರೋಗಿಗಳ ವಿವರ ಒಟ್ಟಿಗೆ ಬರೆದ ಮೇಲೆ ಇದು ಎಲ್ಲರ ಗಮನಕ್ಕೆ ಬಂತು. ಊರಲ್ಲಿ ಬಾಣಂತಿ ಸನ್ನಿ, ಗಾಳಿ ಸೋಕಿದ್ದು ಅಂದುಕೊಂಡದ್ದರಲ್ಲಿ ಎಷ್ಟು ಇದೇ ಆಗಿತ್ತೋ ಎಂದು ನೆನೆದರೆ ಸಂಕಟವಾಗುತ್ತದೆ. ಬಿಪಿ ದಿಢೀರ್ ಏರಿದಾಗ ಮಿದುಳಿನ ಸಣ್ಣ ರಕ್ತನಾಳಗಳು ತಡೆಯಲಾರದೆ ನೀರು ಸೋರುತ್ತವೆ, ಅಲ್ಲಿ ಊತ ಬರುತ್ತದೆ, ಹಿಂಭಾಗದ ನಾಳಗಳಿಗೆ ಒತ್ತಡ ತಡೆಯಲು ನೆರವಾಗುವ ನರಗಳು ಕಡಿಮೆ ಇರುವುದರಿಂದ ಅಲ್ಲೇ ಪೆಟ್ಟು ಜಾಸ್ತಿ. ಬಾಣಂತಿಯರಿಗೆ ಮಾತ್ರ ಅಲ್ಲ. ಕಿಡ್ನಿ ಕೆಟ್ಟವರು, ಲೂಪಸ್ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇರುವವರು, ಕೀಮೋ ತೆಗೆದುಕೊಳ್ಳುವವರು, ಅಂಗ ಕಸಿ ಮಾಡಿಸಿಕೊಂಡು, ದೇಹ ಅದನ್ನು ತಿರಸ್ಕರಿಸದಿರಲೆಂದು ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆ ನುಂಗುವವರಿಗೂ ಬರಬಹುದು. ಕೆಲವರಿಗೆ ಬಿಪಿ ನಾರ್ಮಲ್ ಇದ್ದೂ ಬರುತ್ತದೆ.

ಸಿಟಿ ಸ್ಕ್ಯಾನ್‌ನಲ್ಲಿ ಇದು ತಪ್ಪಿಹೋಗಬಹುದು. ಎಂಆರ್‌ಐನ ಊತವನ್ನು ಎತ್ತಿ ತೋರಿಸುವ ಫ್ಲೇರ್ ಎಂಬ ಚಿತ್ರದಲ್ಲಿ ತಲೆಯ ಹಿಂಬದಿಗೆ, ಎರಡೂ ಕಡೆ, ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ ಕಾಣುತ್ತದೆ. ಮುಂಭಾಗದಲ್ಲೂ ಇರಬಹುದು. ಆಮೇಲೆ ನಾನು ಆತಂಕದಿಂದ ತೆರೆಯುವುದು ಎಡಿಸಿ ಚಿತ್ರ, ಅಂದರೆ ಅಲ್ಲಿನ ನೀರು ಎಷ್ಟು ಸರಾಗವಾಗಿ ಓಡಾಡುತ್ತಿದೆ ಎಂದು ತೋರಿಸುವ ಎಂಆರ್‌ಐ ಚಿತ್ರ. ಸ್ಟ್ರೋಕ್ ಆಗಿದ್ದರೆ ಆ ಜಾಗ ಅದರಲ್ಲಿ ಕಪ್ಪು. ಬರೀ ನೀರಿನ ಊತವಾಗಿದ್ದರೆ ಬೆಳ್ಳಗೇ ಇರುತ್ತದೆ. ಬೆಳ್ಳಗಿದ್ದರೆ ನನಗೂ ಉಸಿರು ಬಂದಂತಾಗುತ್ತದೆ.

ಹೆಸರಲ್ಲಿ 'ರಿವರ್ಸಿಬಲ್' ಇದೆ ಅಂತ ಸುಮ್ನೆ ಕೂರುವಂತಿಲ್ಲ. ಕೆಲವರಿಗೆ ರಕ್ತಸ್ರಾವವಾಗುತ್ತದೆ, ಕೆಲವರಿಗೆ ಕಾಯಂ ಹಾನಿ ಉಳಿಯುತ್ತದೆ, ಜೀವ ಹೋದದ್ದೂ ಇದೆ. ಬಿಪಿಯನ್ನು ಇಳಿಸಬೇಕು, ಆದರೆ ಒಮ್ಮೆಗೇ ಕುಸಿಯುವಂತಲ್ಲ. ಬಾಣಂತಿಯ ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಮಾತ್ರೆಯಿಂದ ಬಂದಿದ್ದರೆ ಅದನ್ನು ವೈದ್ಯರೇ ಬದಲಾಯಿಸುತ್ತಾರೆ, ಕಸಿ ಆದವರು ತಾವಾಗಿ ನಿಲ್ಲಿಸಬಾರದು.

ಆ ಹೆಣ್ಣುಮಗಳಿಗೆ ಮೂರನೇ ದಿನ ಮೊದಲು ಕಂಡದ್ದು ಕಿಟಕಿಯ ಬೆಳಕು, ಆಮೇಲೆ ಮಗುವಿನ ಕೆಂಪು ಕುಲಾವಿ. ಅವಳ ತಲೆನೋವಿಗೆ ಮನೆಯವರು ಕಿವಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿ ಒಂದು ರಾತ್ರಿ ಕಾದಿದ್ದರು. ದಯವಿಟ್ಟು ಕಾಯಬೇಡಿ. ಹೆರಿಗೆಯಾಗಿ ಆರು ವಾರದೊಳಗೆ ಜೋರು ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಆಗಲೇ ಹೋಗಿ ಬಿಪಿ ನೋಡಿಸಿ.

ಮುಂದಿನ ಬಸಿರಲ್ಲಿ ಮತ್ತೆ ಬರುತ್ತಾ ಅಂತಲೂ ಕೇಳುತ್ತಾರೆ. ಕೆಲವರಿಗೆ ಮರುಕಳಿಸುತ್ತದೆ. ಅದಕ್ಕೇ ಮೊದಲ ತಪಾಸಣೆಗೆ ಹೋಗುವಾಗಲೇ ಈ ಹಳೇ ಸ್ಕ್ಯಾನ್ ಜೊತೆಗಿರಲಿ.