ಅಧ್ಯಾಯ ಒಪ್ಪಿಸುವ ಹಿಂದಿನ ದಿನ

ಸಂಶೋಧನಾ ಪ್ರಬಂಧದ ಅಧ್ಯಾಯ ಬರೆದು ಮುಗಿದಿದೆ. ಮಾರ್ಗದರ್ಶಕರಿಗೆ ಒಪ್ಪಿಸಲು ಇನ್ನೊಂದೇ ದಿನ ಬಾಕಿ. ಬರಹ ಬೇರೆ ಬರಹಗಳಿಗೆ ಎಷ್ಟು ಹೊಂದುತ್ತದೆ ಎಂದು ಸಾಫ್ಟ್‌ವೇರ್ ಹೇಳುವ ಸಿಮಿಲಾರಿಟಿ ರಿಪೋರ್ಟ್ ಕೈಗೆ ಬಂದಿದೆ, ಮೇಲ್ಗಡೆ 27 ಪರ್ಸೆಂಟ್ ಎಂದು ಕೆಂಪಗೆ ಬರೆದಿದೆ ಎಂದಿಟ್ಟುಕೊಳ್ಳಿ. ಬಹಳ ಜನ ಆ ದಿನವನ್ನೆಲ್ಲ ಆ ಸಂಖ್ಯೆ ಇಳಿಸುವುದಕ್ಕೇ ಕಳೆಯುತ್ತಾರೆ. ಇಲ್ಲೊಂದು ಪದ ಬದಲಿಸಿ, ಅಲ್ಲೊಂದು ವಾಕ್ಯ ತಿರುವಿ, ಮತ್ತೆ ಅಪ್‌ಲೋಡ್ ಮಾಡಿ ನೋಡುತ್ತಾರೆ. ಸಂಖ್ಯೆ ಇಳಿಯುತ್ತದೆ, ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ.

ಆ ಸಂಖ್ಯೆಗೆ ಗೊತ್ತಿರುವುದು ಒಂದೇ ಸಂಗತಿ: ನಿಮ್ಮ ಬರಹದ ಇಷ್ಟು ಭಾಗ ಬೇರೆಲ್ಲೋ ಇರುವ ಪದಸಾಲುಗಳಿಗೆ ಹೊಂದುತ್ತದೆ. ಕದ್ದದ್ದು ಯಾವುದು, ಸರಿಯಾಗಿ ಹೆಸರು ಹೇಳಿ ಬಳಸಿದ್ದು ಯಾವುದು ಎಂದು ಅದು ವಿಂಗಡಿಸುವುದಿಲ್ಲ. ಗ್ರಂಥಋಣದ ಪಟ್ಟಿ ಹೊಂದಿಯೇ ಹೊಂದುತ್ತದೆ. ಪುಸ್ತಕದ ಹೆಸರನ್ನು ಯಾರೂ ತಮ್ಮ ಮಾತಿನಲ್ಲಿ ಬರೆಯಲಾಗದು. ಉದ್ಧರಣೆಗಳೂ, ಸಂಶೋಧನಾ ವಿಧಾನದ ಸಿದ್ಧ ವಾಕ್ಯಗಳೂ ಹೊಂದುತ್ತವೆ. ಆದ್ದರಿಂದ ಬೆಳಗಿನ ಮೊದಲ ಕೆಲಸ ಫಿಲ್ಟರ್ ಹಾಕುವುದು. ಗ್ರಂಥಋಣ ಬಿಡಿ, ಉದ್ಧರಣೆ ಬಿಡಿ, ಎಂಟು-ಹತ್ತು ಪದಕ್ಕಿಂತ ಚಿಕ್ಕ ಹೊಂದಿಕೆಗಳನ್ನೂ ಬಿಡಿ. ಉಳಿದದ್ದನ್ನು ಒಂದೊಂದಾಗಿ ತೆರೆದು ಓದಿ. ಇಪ್ಪತ್ತು ಪರ್ಸೆಂಟ್ ನೂರು ಕಡೆಯ ಚಿಲ್ಲರೆ ಪದಗುಚ್ಛಗಳಾಗಿದ್ದರೆ ಗಾಬರಿಯಿಲ್ಲ. ನಾಲ್ಕೇ ಪರ್ಸೆಂಟ್ ಇದ್ದರೂ ಅದು ಒಂದೇ ಲೇಖನದಿಂದ ಇಳಿದ ಇಡೀ ಪ್ಯಾರಾ ಆಗಿದ್ದರೆ ಗಂಭೀರ. ಆಮೇಲೆ ಫಿಲ್ಟರ್ ತೆಗೆದು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ. ಉದ್ಧರಣ ಚಿಹ್ನೆ ಹಾಕಿ ಆಕರವನ್ನೇ ಹೇಳದೆ ಬಿಟ್ಟ ಸಾಲುಗಳು ಫಿಲ್ಟರಿನ ಹಿಂದೆ ಅಡಗಿರುತ್ತವೆ.

ರಿಪೋರ್ಟಿಗೆ ಕಾಣದ್ದೇ ಹೆಚ್ಚು ಅಪಾಯದ್ದು. ಒಬ್ಬರ ವಾದದ ಕ್ರಮವನ್ನೇ, ಅವರು ಕೊಟ್ಟ ಉದಾಹರಣೆಗಳನ್ನೇ, ಅದೇ ಸರದಿಯಲ್ಲಿ ತಂದು ಬೇರೆ ಪದಗಳಲ್ಲಿ ಹೇಳಿದರೆ ಸಾಫ್ಟ್‌ವೇರ್ ಸುಮ್ಮನಿರುತ್ತದೆ. ಚಿತ್ರವಾಗಿ ಅಂಟಿಸಿದ ಕೋಷ್ಟಕ ಅದಕ್ಕೆ ಕಾಣದೆ ಹೋಗಬಹುದು. ಕನ್ನಡದಲ್ಲಿ ಬರೆಯುವವರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಅನುವಾದದ ವಿಷಯದಲ್ಲಿ. ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ಕನ್ನಡಕ್ಕೆ ತಂದು, ಆಕರ ಹೇಳದೆ ನಮ್ಮ ಪ್ಯಾರಾ ಆಗಿ ಇಟ್ಟರೆ ಎಷ್ಟೋ ಸಲ ರಿಪೋರ್ಟಿನಲ್ಲಿ ಸೊನ್ನೆ ಬರುತ್ತದೆ. ಅದು ಕೃತಿಚೌರ್ಯವೇ. ಭಾಷೆ ಬದಲಾದರೆ ವಿಚಾರದ ಒಡೆತನ ಬದಲಾಗುವುದಿಲ್ಲ. ನೀವೇ ಅನುವಾದಿಸಿದ ಮಾತನ್ನು ಎಪಿಎ (ಆಕರ ಉಲ್ಲೇಖಿಸುವ ಪದ್ಧತಿಗಳಲ್ಲೊಂದು) ಶೈಲಿ ನೇರ ಉದ್ಧರಣೆ ಎಂದು ಪರಿಗಣಿಸದೆ ಭಾವಾನುವಾದದ, ಅಂದರೆ ಬೇರೆಯವರ ವಿಚಾರವನ್ನು ಸ್ವಂತ ಮಾತಿನಲ್ಲಿ ಹೇಳುವ ಪ್ಯಾರಾಫ್ರೇಸ್‌ನ, ಸಾಲಿಗೆ ಸೇರಿಸುತ್ತದೆ. ಅಂದರೆ ಉದ್ಧರಣ ಚಿಹ್ನೆ ಬೇಡ, ಆಕರ ಮಾತ್ರ ಬೇಕೇ ಬೇಕು. ಎಪಿಎ ಭಾವಾನುವಾದಕ್ಕೆ ಪುಟಸಂಖ್ಯೆಯನ್ನು ಕಡ್ಡಾಯ ಮಾಡಿಲ್ಲ. ಆದರೂ ಕೊಡಿ. ಮೂಲ ಬೇರೆ ಭಾಷೆಯಲ್ಲಿದ್ದಾಗ ಓದುಗರಿಗೆ ಅದನ್ನು ಹುಡುಕಲು ಅದೊಂದೇ ದಾರಿ.

ದಿನದ ಹೆಚ್ಚು ಹೊತ್ತು ಹಿಡಿಯುವುದು ಭಾವಾನುವಾದದ ವಾಕ್ಯಗಳೇ. ಒಂದನ್ನು ಹತ್ತಿರದಿಂದ ನೋಡೋಣ. ಮೂಲದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಮಳೆ ಕಡಿಮೆಯಾದ ವರ್ಷಗಳಲ್ಲಿ ಆಳವಾಗಿ ಬೇರು ಬಿಟ್ಟ ಮರಗಳು ಎಲೆಗಳನ್ನು ಹೆಚ್ಚು ಕಾಲ ಉಳಿಸಿಕೊಂಡವು, ಆದರೆ ಮರುವರ್ಷ ಅವುಗಳಲ್ಲಿ ಹೂ ಕಡಿಮೆಯಾಯಿತು." ಅವಸರದ ಬರಹಗಾರರು ಇದನ್ನು ಹೀಗೆ ತಿರುಗಿಸುತ್ತಾರೆ: "ಮಳೆಯ ಕೊರತೆಯಾದ ವರ್ಷಗಳಲ್ಲಿ ಆಳಕ್ಕೆ ಬೇರಿಳಿಸಿದ ವೃಕ್ಷಗಳು ಪರ್ಣಗಳನ್ನು ದೀರ್ಘಕಾಲ ಉಳಿಸಿಕೊಂಡವು, ಆದಾಗ್ಯೂ ಮುಂದಿನ ವರ್ಷ ಅವುಗಳಲ್ಲಿ ಪುಷ್ಪಗಳು ಕುಗ್ಗಿದವು." ಮರ ವೃಕ್ಷವಾಯಿತು, ಎಲೆ ಪರ್ಣವಾಯಿತು, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ ನಿಂತಿದೆ. ವಾಕ್ಯದ ಎಲುಬುಗೂಡು ಮೂಲ ಲೇಖಕರದ್ದೇ. ಕೊನೆಗೆ ಆವರಣದಲ್ಲಿ ಹೆಸರು, ವರ್ಷ ಹಾಕಿದರೂ ಇದು ಸರಿಯಾಗುವುದಿಲ್ಲ. ಹೆಸರು ಹಾಕಿ ಉದ್ಧರಣ ಚಿಹ್ನೆ ಬಿಟ್ಟರೆ "ವಿಚಾರ ಅವರದ್ದು, ಮಾತು ನನ್ನದು" ಎಂದು ಹೇಳಿದಂತೆ. ಇಲ್ಲಿ ಮಾತೂ ಅವರದ್ದೇ.

ಮೂಲವನ್ನು ಮುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು, ಈ ಸಂಗತಿ ನಿಮ್ಮ ಅಧ್ಯಾಯಕ್ಕೆ ಯಾಕೆ ಬೇಕು ಎಂದು ಕೇಳಿಕೊಂಡು ಬರೆದರೆ ವಾಕ್ಯ ಬೇರೆಯದೇ ಹುಟ್ಟುತ್ತದೆ: "ಎಲೆ ಉಳಿಸಿಕೊಂಡ ಮರಗಳೂ ಬರಕ್ಕೆ ಬೆಲೆ ತೆತ್ತವು, ಅದು ಕಂಡದ್ದು ಮರುವರ್ಷದ ಹೂವಿನಲ್ಲಿ." ಚೆನ್ನಾಗಿದೆ. ಈಗ ಮೂಲ ತೆರೆದು ಪಕ್ಕಪಕ್ಕ ಇಟ್ಟು ನೋಡಿ. ಮೂಲದಲ್ಲಿ "ಬೆಲೆ ತೆತ್ತವು" ಎಂಬ ಮಾತಿಲ್ಲ. ಹೂ ಕಡಿಮೆಯಾದದ್ದಕ್ಕೆ ಬರವೇ ಕಾರಣ ಎಂದು ಆ ಲೇಖಕರು ಹೇಳಿಯೇ ಇಲ್ಲ. ಒಂದರ ಹಿಂದೆ ಒಂದು ನಡೆಯಿತು ಎಂದಷ್ಟೇ ಹೇಳಿದ್ದಾರೆ. ಈ ವಾಕ್ಯದ ಕೊನೆಗೆ ಅವರ ಹೆಸರು ಹಾಕಿದರೆ ಅವರಾಡದ ಮಾತನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ. ಕದಿಯುವುದಕ್ಕಿಂತ ಇದೇನೂ ಸಣ್ಣ ತಪ್ಪಲ್ಲ, ಯಾವ ಸಾಫ್ಟ್‌ವೇರೂ ಇದನ್ನು ಹಿಡಿಯದು. ಆದ್ದರಿಂದ ಎರಡಾಗಿ ಒಡೆಯಿರಿ. ಎಲೆ ಉಳಿದದ್ದು, ಮರುವರ್ಷ ಹೂ ಕಡಿಮೆಯಾದದ್ದು ಒಂದು ವಾಕ್ಯದಲ್ಲಿ, ಅಲ್ಲಿಗೆ ಆಕರ. "ಇದನ್ನು ಬರದ ತಡವಾದ ಪರಿಣಾಮವೆಂದು ಓದಬಹುದು" ಎನ್ನುವುದು ಇನ್ನೊಂದು ವಾಕ್ಯದಲ್ಲಿ, ಅದು ನಿಮ್ಮ ಹೊಣೆ.

ಅಕ್ಷರಶಃ ಉದ್ಧರಿಸುವುದೇ ಸರಿ ಎನಿಸಿದಲ್ಲಿ ಉದ್ದಕ್ಕೆ ತಕ್ಕ ನಿಯಮವಿದೆ. ಎಪಿಎಯಲ್ಲಿ 40 ಪದ ಅಥವಾ ಹೆಚ್ಚಾದರೆ ಚಿಹ್ನೆ ಬಿಟ್ಟು, ಅಂಚು ಒಳತಳ್ಳಿ, ಪ್ರತ್ಯೇಕ ಪ್ಯಾರಾ ಮಾಡಬೇಕು. ಎಂಎಲ್‌ಎ ಎಂಬ ಇನ್ನೊಂದು ಶೈಲಿಯಲ್ಲಿ ಗದ್ಯ ನಾಲ್ಕು ಸಾಲು ದಾಟಿದರೆ ಹೀಗೆ. ಶಿಕಾಗೊ ಶೈಲಿಯಲ್ಲಿ ಸುಮಾರು 100 ಪದಕ್ಕೆ. ಇವೆಲ್ಲ ಇಂಗ್ಲಿಷ್ ಗದ್ಯವನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಲೆಕ್ಕ. ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ 40 ಪದವೆಂದರೆ ಸಾಕಷ್ಟು ಉದ್ದದ ಪ್ಯಾರಾ. ಕನ್ನಡದಲ್ಲಿ ಯಾವ ಅಳತೆ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿ, ಇಡೀ ಪ್ರಬಂಧಕ್ಕೆ ಅದನ್ನೇ ಪಾಲಿಸಿ.

ಮಧ್ಯಾಹ್ನದ ಮೇಲೆ ಗ್ರಂಥಋಣ. ಬರಹದೊಳಗಿನ ಪ್ರತಿ ಉಲ್ಲೇಖವೂ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವ ಪ್ರತಿಯೊಂದೂ ಬರಹದೊಳಗೆ ಬಂದಿರಬೇಕು. ಫೈಲಿನಲ್ಲಿ ಆವರಣ ಚಿಹ್ನೆಯನ್ನು ಹುಡುಕುತ್ತಾ ಹೋಗಿ, ಸಿಕ್ಕ ಪ್ರತಿ ಹೆಸರಿಗೂ ಮುದ್ರಿಸಿದ ಪಟ್ಟಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕೊನೆಗೆ ಗುರುತಿಲ್ಲದೆ ಉಳಿದವು ಸುಮ್ಮನೆ ಸೇರಿಸಿದವು, ತೆಗೆಯಿರಿ. ಪದೇ ಪದೇ ಕಾಣುವ ತಪ್ಪುಗಳು ಕೆಲವೇ. ಸಂಪಾದಿತ ಪುಸ್ತಕದ ಒಂದು ಅಧ್ಯಾಯ ಓದಿ, ಅದರ ಲೇಖಕರನ್ನು ಬಿಟ್ಟು ಸಂಪಾದಕರ ಹೆಸರು ಹಾಕಿರುತ್ತಾರೆ. ಲೇಖನ ಆನ್‌ಲೈನ್‌ನಲ್ಲಿ ಬಂದ ವರ್ಷ ಒಂದು, ಸಂಚಿಕೆಯ ವರ್ಷ ಇನ್ನೊಂದಾಗಿ, ಒಳಗೊಂದು ಪಟ್ಟಿಯಲ್ಲೊಂದು ಇರುತ್ತದೆ. ಆಕರಗಳನ್ನು ಸಂಗ್ರಹಿಸಿ ಪಟ್ಟಿ ಮಾಡಿಕೊಡುವ ಝೊಟೆರೊದಂಥ ತಂತ್ರಾಂಶ ಬಳಸಿದರೂ ಇವು ತಪ್ಪುವುದಿಲ್ಲ, ಯಾಕೆಂದರೆ ಅದು ವೆಬ್ ಪುಟದಿಂದ ಸಿಕ್ಕ ಮಾಹಿತಿಯನ್ನೇ ತುಂಬಿಕೊಳ್ಳುತ್ತದೆ. ಕುಟುಂಬದ ಹೆಸರಿಲ್ಲದ ಲೇಖಕರ ಹೆಸರನ್ನು ಅದು ಹಿಂದುಮುಂದಾಗಿಸುವುದು ಮಾಮೂಲು. ಅದರಿಂದ ಒಂದು ದೊಡ್ಡ ಅನುಕೂಲವೂ ಇದೆ: ನಿಮ್ಮ ಸಂಗ್ರಹದ ಯಾವುದಾದರೂ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿದ್ದರೆ ಝೊಟೆರೊ 2019ರಿಂದ ಎಚ್ಚರಿಸುತ್ತಿದೆ.

ಡಿಒಐ ಇರುವ ಪ್ರತಿಯೊಂದನ್ನೂ ತೆರೆದು ನೋಡಿ. ಅದು ಆನ್‌ಲೈನ್‌ನಲ್ಲಿ ಒಂದು ಲೇಖನಕ್ಕೆ ಕೊಟ್ಟ ಕಾಯಂ ಗುರುತು, 10ರಿಂದ ಶುರುವಾಗಿ ನಡುವೆ ಓರೆಗೆರೆ ಇರುತ್ತದೆ. ತೆರೆದಾಗ ಅದೇ ಶೀರ್ಷಿಕೆ ಬರಬೇಕು. ಎಐ ಚಾಟ್‌ಬಾಟ್ ಕೊಟ್ಟ ಆಕರಗಳಲ್ಲಿ ಲೇಖಕರು ನಿಜ, ಪತ್ರಿಕೆಯೂ ನಿಜ, ಲೇಖನ ಮಾತ್ರ ಇಲ್ಲವೇ ಇಲ್ಲ ಎನ್ನುವಂಥವು ಬರುತ್ತವೆ. ಇರದ ಲೇಖನ ಪಟ್ಟಿಗೆ ನುಗ್ಗುವುದು ಹೊಸದೂ ಅಲ್ಲ. ಒಂದು ದೊಡ್ಡ ಪ್ರಕಾಶನ ಸಂಸ್ಥೆ ತನ್ನ ಲೇಖಕರಿಗೆ ಕೊಟ್ಟ ಮಾದರಿ ಫೈಲಿನಲ್ಲಿ ಬರಿಯ ನಮೂನೆಗೆಂದು ಹಾಕಿದ್ದ ಕಲ್ಪಿತ ಆಕರವೊಂದು ನಾನೂರರ ಹತ್ತಿರದಷ್ಟು ಬರಹಗಳ ಪಟ್ಟಿಯಲ್ಲಿ ಉಳಿದುಬಿಟ್ಟಿತ್ತು. ಅದು 2017ರಲ್ಲಿ ಬಯಲಿಗೆ ಬಂತು. ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

ಓದದ ಆಕರವನ್ನು ಓದಿದಂತೆ ತೋರಿಸುವುದು ಇದರ ಒಡಹುಟ್ಟು. ಪಾಲಕ್ ಸೊಪ್ಪಿನ ಕಬ್ಬಿಣದ ಕತೆ ಬಹಳ ಕಡೆ ಬರುತ್ತದೆ: ಹಳೆಯ ವಿಜ್ಞಾನಿಗಳು ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟರು, ಹಾಗಾಗಿ ಪಾಲಕ್‌ನಲ್ಲಿ ಹತ್ತು ಪಟ್ಟು ಕಬ್ಬಿಣವಿದೆ ಎಂದು ಜಗತ್ತು ನಂಬಿತು ಎಂದು. ಬ್ರಿಟಿಷ್ ವೈದ್ಯ ಟೆರೆನ್ಸ್ ಹ್ಯಾಂಬ್ಲಿನ್ 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ಆಧಾರ ಕೊಡದೆ ಬರೆದಿದ್ದರು. ಮುಂದಿನವರು ಅದನ್ನು ಒಬ್ಬರಿಂದೊಬ್ಬರು ಎತ್ತಿಕೊಂಡರು. ಅಪರಾಧಶಾಸ್ತ್ರಜ್ಞ ಮೈಕ್ ಸಟನ್ 2010ರಲ್ಲಿ ಬೆನ್ನುಹತ್ತಿ ಹೋದಾಗ ಆ ದಶಮಾಂಶದ ತಪ್ಪಿಗೆ ಪುರಾವೆಯೇ ಸಿಗಲಿಲ್ಲ. ನಾರ್ವೆಯ ಸಂಶೋಧಕ ಓಲೆ ಬ್ಯೋರ್ನ್ ರೆಕ್‌ಡಾಲ್ 2014ರಲ್ಲಿ ಇಂಥ ಉಲ್ಲೇಖಗಳ ಸರಪಳಿಯ ಬಗ್ಗೆಯೇ ಒಂದು ಲೇಖನ ಬರೆದರು. ಆಕರ ಪರಿಶೀಲಿಸದಿದ್ದರೆ ಏನಾಗುತ್ತದೆ ಎಂದು ಎಚ್ಚರಿಸಲು ಹೇಳುತ್ತಿದ್ದ ಕತೆಯನ್ನೇ ಯಾರೂ ಪರಿಶೀಲಿಸಿರಲಿಲ್ಲ. ಮೂಲ ಸಿಗದಿದ್ದರೆ ನೀವು ನಿಜಕ್ಕೂ ಓದಿದ ಪುಸ್ತಕವನ್ನು ಹೆಸರಿಸಿ: ಇಂಥವರ ಮಾತು, ಇಂಥವರಲ್ಲಿ ಉದ್ಧೃತ. ಗ್ರಂಥಋಣದಲ್ಲಿ ಬರಬೇಕಾದದ್ದು ಆ ಎರಡನೆಯದೇ.

ಸಂಜೆಯ ಹೊತ್ತಿಗೆ ಕೆಲವು ವಾಕ್ಯಗಳು ಅನಾಥವಾಗಿ ಉಳಿದಿರುತ್ತವೆ. ಇದು ನನ್ನದೋ, ಎಲ್ಲೋ ಓದಿದ್ದೋ ಎಂದು ಬರೆದವರಿಗೇ ನೆನಪಿರುವುದಿಲ್ಲ. ಆ ಗೊಂದಲ ಹುಟ್ಟಿದ್ದು ತಿಂಗಳುಗಳ ಹಿಂದೆ, ಟಿಪ್ಪಣಿ ಪುಸ್ತಕದಲ್ಲಿ. ಕಾಪಿ ಮಾಡಿ ಅಂಟಿಸಿದ ಸಾಲೂ ಸ್ವಂತ ಯೋಚನೆಯೂ ಒಂದೇ ಪುಟದಲ್ಲಿ, ಒಂದೇ ಅಕ್ಷರದಲ್ಲಿ ಬೆರೆತಾಗ. ಮುಂದಿನ ಅಧ್ಯಾಯಕ್ಕಾದರೂ ಹೀಗೆ ಮಾಡಿ: ಅಂಟಿಸಿದ ಕ್ಷಣವೇ ಉದ್ಧರಣ ಚಿಹ್ನೆ, ಪಕ್ಕದಲ್ಲಿ ಲೇಖಕ, ವರ್ಷ, ಪುಟ. ಸ್ವಂತ ಮಾತಿನಲ್ಲಿ ಇಳಿಸಿದ್ದಕ್ಕೆ "ಸಾ" ಎಂಬ ಗುರುತು, ಅಂದರೆ ಸಾರಾಂಶ, ಅದಕ್ಕೂ ಪುಟಸಂಖ್ಯೆ. ನಿಮಗೇ ಹೊಳೆದದ್ದಕ್ಕೆ ಬೇರೆ ಬಣ್ಣ. ನೀವೇ ಹಿಂದೆ ಪ್ರಕಟಿಸಿದ ಲೇಖನದಿಂದ ತಂದದ್ದಕ್ಕೂ ಆಕರ ಬರೆಯಿರಿ.

ಈ ಅನಾಥ ವಾಕ್ಯಗಳಿಗೆ ಒಂದೊಂದಕ್ಕೂ ಅರ್ಧ ಗಂಟೆ ಕೊಡಿ. ಅದರೊಳಗಿನ ನಾಲ್ಕೈದು ಅಪರೂಪದ ಪದಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಇಂಗ್ಲಿಷ್‌ನಿಂದ ಬಂದಿರಬಹುದು ಎನಿಸಿದರೆ ಇಂಗ್ಲಿಷ್‌ನಲ್ಲೂ ಹುಡುಕಿ, ಓದಿದ ಪುಸ್ತಕಗಳ ವಿಷಯಸೂಚಿ ತಿರುವಿ. ಸಿಕ್ಕರೆ ಆಕರ ಸೇರಿಸಿ. ಸಿಗದಿದ್ದರೆ, ಎಷ್ಟೇ ಚೆಂದದ ವಾಕ್ಯವಾದರೂ, ಅಳಿಸಿ ಫೈಲ್ ಸೇವ್ ಮಾಡಿ.