ಒಲೆಯ ಮುಂದಿನ ಐದು ನಿಮಿಷ

ತಿಂಗಳ 20ನೇ ತಾರೀಕು ನನಗೆ ಹಬ್ಬವೂ ಅಲ್ಲ, ತಿಥಿಯೂ ಅಲ್ಲ, ಆದರೆ ಎರಡರ ಗಡಿಬಿಡಿಯೂ ಇರುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ತೆರಿಗೆಯ ಲೆಕ್ಕ ಒಪ್ಪಿಸುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಅಂದೇ ಕೊನೆಯ ದಿನ. ಹದಿನಾಲ್ಕು ಅಂಗಡಿಗಳ ಲೆಕ್ಕವನ್ನು ಮೈಸೂರಿನ ಮನೆಯಲ್ಲೇ ಕುಳಿತು ಬರೆಯುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಊಟದ ಮೇಜಿಗೆ ಬಂದ ಲ್ಯಾಪ್‌ಟಾಪ್ ಅಲ್ಲಿಂದ ಕದಲಿಲ್ಲ.

ಎರಡು ವರ್ಷದ ಹಿಂದೆ, ಒಂದು 19ನೇ ತಾರೀಕು. ಬೆಳಿಗ್ಗೆ ಏಳಕ್ಕೆ ಕುಳಿತವಳು ಊಟಕ್ಕೂ ಏಳಲಿಲ್ಲ. ಬಲಗೈಯಲ್ಲಿ ಅನ್ನ, ಎಡಗೈಯಲ್ಲಿ ಮೌಸ್. ರಾತ್ರಿ ಹತ್ತಕ್ಕೆ ಹಾರ್ಡ್‌ವೇರ್ ಅಂಗಡಿಯೊಂದರ ರಿಟರ್ನ್ ಸಲ್ಲಿಸಿದೆ. ಮಾಲು ಹೋಗಿದ್ದು ಮಂಡ್ಯಕ್ಕೆ. ರಾಜ್ಯದೊಳಗಿನ ಮಾರಾಟವೆಂದರೆ ಶೇ 18ರ ತೆರಿಗೆಯನ್ನು ಕೇಂದ್ರದ ಪಾಲು ಸಿಜಿಎಸ್‌ಟಿ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9 ಎಂದು ಒಡೆಯಬೇಕು. ನಾನು ಅಷ್ಟನ್ನೂ ಹೊರರಾಜ್ಯದ ಮಾರಾಟಕ್ಕಿರುವ ಐಜಿಎಸ್‌ಟಿ ಕಾಲಮಿಗೆ ತುಂಬಿದ್ದೆ. ಎರಡು ಸಲ ತಾಳೆ ಬೇರೆ ನೋಡಿದ್ದೆ! ಮೊತ್ತ ಸರಿಯಿತ್ತು, ಕಾಲಮು ಕಣ್ಣಿಗೆ ಬೀಳಲಿಲ್ಲ. 3ಬಿ ಒಮ್ಮೆ ಸಲ್ಲಿಸಿದರೆ ತಿದ್ದಲು ಬರುವುದಿಲ್ಲ. ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿಸಿ, ತಪ್ಪಾಗಿ ಕಟ್ಟಿದ್ದರ ಮರುಪಾವತಿಗೆ ಅರ್ಜಿ ಹಾಕಬೇಕಾಯಿತು. ಅಂಗಡಿಯವರು "ಇರಲಿ ಬಿಡಿ ಮೇಡಂ" ಎಂದರು. ಬೈದಿದ್ದರೆ ವಾಸಿಯಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಲಕ್ಷಣಗಳು ಮೂರು: ಬಸವಳಿಕೆ, ಕೆಲಸದ ಬಗ್ಗೆ ತಾತ್ಸಾರ, ಕೈಲಾಗುತ್ತಿಲ್ಲ ಎಂಬ ಭಾವ. ಬಸವಳಿಕೆ ಲೆಕ್ಕದವರಿಗೆ ಹೊಸತಲ್ಲ. ನನ್ನನ್ನು ಹೆದರಿಸಿದ್ದು ತಾತ್ಸಾರ. ಗ್ರಾಹಕರ ಕರೆ ಬಂದರೆ ಫೋನನ್ನು ಬೋರಲು ಹಾಕಿ ಸುಮ್ಮನಿರುತ್ತಿದ್ದೆ.

ಕಚೇರಿಯಲ್ಲಿ ಬಿಡುವು ಕೇಳದೆಯೇ ಸಿಗುತ್ತಿತ್ತು. ಫೈಲು ತರಲು ಮಹಡಿ ಹತ್ತಬೇಕು, ನಾಲ್ಕಕ್ಕೆ ಚಹಾ, ಪಕ್ಕದ ಮೇಜಿನವರ ಮಗಳ ಮದುವೆ ಸುದ್ದಿ. ಮನೆಯಲ್ಲಿ ಎಬ್ಬಿಸುವವರು ಯಾರು? "ನೀನು ಕಚೇರಿಗೆ ಹೋಗುತ್ತಿದ್ದಾಗಲೇ ಹೆಚ್ಚು ಮಾತಿಗೆ ಸಿಗುತ್ತಿದ್ದೆ ಕಣಮ್ಮ" ಎಂದು ಅತ್ತೆ ಒಮ್ಮೆ ಹೇಳಿದ್ದರು.

25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಕ್ರಮವನ್ನೂ ನೋಡಿದೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ರೂಢಿಸಿಕೊಂಡ ಕ್ರಮವದು. ನನಗೆ ಒಗ್ಗಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೇನು ತಾಳೆಯಾಯಿತು ಎನ್ನುವಾಗಲೇ ಗಂಟೆ ಬಾರಿಸುತ್ತಿತ್ತು. ಸಿಕ್ಕ ಐದು ನಿಮಿಷವನ್ನು ಮೊಬೈಲ್ ನುಂಗುತ್ತಿತ್ತು. ದೊಡ್ಡ ಪರದೆಯಿಂದ ಚಿಕ್ಕ ಪರದೆಗೆ ಹೋದದ್ದನ್ನು ವಿರಾಮ ಎಂದುಕೊಂಡಿದ್ದೆ.

ಈಗ ಗಡಿಯಾರವಿಲ್ಲ. ಒಂದು ಅಂಗಡಿಯ ಬಿಲ್ಲು ಮುಗಿದರೆ ಕುರ್ಚಿ ಬಿಡುತ್ತೇನೆ, ಮೊಬೈಲ್ ಮೇಜಿನ ಮೇಲೆಯೇ ಉಳಿಯುತ್ತದೆ. ಹಗ್ಗದ ಮೇಲಿನ ಬಟ್ಟೆ ಮಡಚಿದರೂ ಆಯಿತು, ಕರಿಬೇವಿಗೆ ನೀರು ಹಾಕಿದರೂ ಆಯಿತು. ಎಲ್ಲಕ್ಕಿಂತ ಒಳ್ಳೆಯದು ಸಂಜೆಯ ಹಾಲು ಕಾಯಿಸುವುದು. ಬಿಟ್ಟು ಹೋಗುವಂತಿಲ್ಲ, ಕಣ್ಣು ತೆಗೆಯುವಂತಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಕೆನೆ ಸುಕ್ಕಾಗುತ್ತದೆ, ನಡುವೆ ಉಬ್ಬಿ ಮೇಲೇರುತ್ತದೆ. ಅಷ್ಟು ಹೊತ್ತು ತಲೆಯಲ್ಲಿ ಒಂದು ಅಂಕಿಯೂ ಸುಳಿಯುವುದಿಲ್ಲ.

ಕಳೆದ 20ರಂದು ಮೂರು ಗಂಟೆಯಾದರೂ ನಾನು ಎದ್ದಿರಲಿಲ್ಲ. "ಹಾಲಿಟ್ಟಿದ್ದೇನೆ, ಉಕ್ಕುತ್ತದೆ, ಬೇಗ ಬಾರೇ!" ಎಂದು ಅತ್ತೆ ಕೂಗಿದರು. ಓಡಿ ಹೋಗಿ ನೋಡಿದರೆ ಒಲೆ ಹಚ್ಚಿರಲೇ ಇಲ್ಲ.