ತೊಡೆಯ ಗಂಟು ತೆಗೆಸುವ ಮುನ್ನ ಎಂಆರ್‌ಐ ಆಗಲಿ

ತೊಡೆಯಲ್ಲಿ ಗಂಟು. ನೋವಿಲ್ಲ, ಜ್ವರವಿಲ್ಲ. ‘ಕೊಬ್ಬಿನ ಗಂಟು, ಲೋಕಲ್ (ಆ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು) ಕೊಟ್ಟು ತೆಗೆದುಬಿಡೋಣ’ ಅನ್ನುವ ಮಾತು ಹೆಚ್ಚಿನ ಸಲ ಸರಿಯೇ. ಸ್ನಾಯು, ಕೊಬ್ಬಿನಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಆದ ಸಾರ್ಕೋಮಾ ಅಪರೂಪ, ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಶೇ. 1ರ ಆಸುಪಾಸು. ಆದರೆ ಗಂಟು 5 ಸೆಂ.ಮೀ. ದಾಟಿದ್ದರೆ, ಬೆಳೆಯುತ್ತಲೇ ಇದ್ದರೆ, ಅಥವಾ ಒಮ್ಮೆ ತೆಗೆದ ಜಾಗದಲ್ಲೇ ಮತ್ತೆ ಎದ್ದಿದ್ದರೆ ಅವಸರ ಬೇಡ. ಕಾಲು ಬಿಗಿ ಹಿಡಿಸಿ ಗಂಟನ್ನು ಅಲ್ಲಾಡಿಸಿ ನೋಡಿ. ಸಡಿಲವಿದ್ದಾಗ ಆಡುತ್ತಿದ್ದದ್ದು ಈಗ ಅಲುಗದಿದ್ದರೆ ಅದು ಆಳದಲ್ಲಿ, ಸ್ನಾಯುವಿನೊಳಗೆ ಇರುವ ಸಾಧ್ಯತೆ ಹೆಚ್ಚು. ನೋವಿಲ್ಲವೆಂದು ನೆಮ್ಮದಿಯಾಗಿರುವಂತಿಲ್ಲ, ಸಾರ್ಕೋಮಾ ಬಹುತೇಕ ನೋಯುವುದೇ ಇಲ್ಲ.

ಮೊದಲು ಕಾಂಟ್ರಾಸ್ಟ್ (ಗಡ್ಡೆ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಮದ್ದು) ಕೊಟ್ಟು ಎಂಆರ್‌ಐ, ಆಮೇಲೆ ಬಯಾಪ್ಸಿ, ಅಂದರೆ ಪರೀಕ್ಷೆಗೆ ತುಣುಕು ತೆಗೆಯುವುದು. ಮೊದಲೇ ಚುಚ್ಚಿದರೆ ಒಳಗೆ ಸುರಿದ ರಕ್ತ, ಊತ ಸ್ಕ್ಯಾನನ್ನು ಕೆಡಿಸುತ್ತವೆ. ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಎಫ್‌ಎನ್‌ಎಸಿಯಲ್ಲಿ ಬಿಡಿಬಿಡಿ ಕೋಶಗಳಷ್ಟೇ ಸಿಗುತ್ತವೆ; ಯಾವ ಬಗೆ, ಯಾವ ಗ್ರೇಡ್ (ಎಷ್ಟು ಉಗ್ರ) ಎಂದು ಹೇಳಲು ಅದು ಸಾಲದು. ತುಣುಕು ಕತ್ತರಿಸಿ ತರುವ, 14 ಅಥವಾ 16 ಗೇಜ್ (ಸೂಜಿಯ ದಪ್ಪದ ಅಳತೆ) ಕೋರ್ ಸೂಜಿಯಲ್ಲಿ ನಾಲ್ಕೈದು ತುಣುಕು ಬೇಕು. ಎಲ್ಲಿ ಚುಚ್ಚಬೇಕೆಂದು ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಹೇಳಬೇಕು, ಯಾಕೆಂದರೆ ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯುವ ಹಾಗಿರಬೇಕು.

ಇದನ್ನೆಲ್ಲ ಬಿಟ್ಟು ನೇರವಾಗಿ ತೆಗೆದರೆ ಕೆಡುವುದು ಹೀಗೆ. ಗಡ್ಡೆಯ ಸುತ್ತ ತೆಳ್ಳಗಿನ ಪೊರೆ ಕಾಣುತ್ತದೆ, ಬೆರಳು ಹಾಕಿದರೆ ಸಲೀಸಾಗಿ ಸುಲಿದು ಬರುತ್ತದೆ. ಸರ್ಜನ್‌ಗೆ ಖುಷಿ. ಆದರೆ ಆ ಪೊರೆಯಲ್ಲೂ ಅದರಾಚೆಗೂ ಗಡ್ಡೆಯ ಕೋಶಗಳಿರುತ್ತವೆ, ಅವು ಅಲ್ಲೇ ಉಳಿಯುತ್ತವೆ. ಕಾಲಿಗೆ ಅಡ್ಡಲಾಗಿ ಕೊಯ್ದಿದ್ದರೆ, ಡ್ರೇನನ್ನು (ರಕ್ತ, ನೀರು ಹೊರಹೋಗಲು ಇಡುವ ನಳಿಕೆ) ಹೊಲಿಗೆಯಿಂದ ದೂರ ಹೊರತಂದಿದ್ದರೆ, ರಕ್ತ ಕಟ್ಟಿಕೊಂಡಿದ್ದರೆ, ಅಷ್ಟೂ ಜಾಗ ಕಲುಷಿತ. ಮರು ಆಪರೇಷನ್‌ನಲ್ಲಿ ಅಷ್ಟನ್ನೂ ತೆಗೆಯಬೇಕು. ಚರ್ಮ ಸಾಲದೆ ಬೇರೆ ಕಡೆಯಿಂದ ಚರ್ಮ-ಮಾಂಸದ ಪದರ (ಫ್ಲ್ಯಾಪ್) ತಂದು ಮುಚ್ಚುವುದೂ ಉಂಟು. ಕೊಯ್ಲು ಯಾವತ್ತೂ ಕಾಲಿನ ಉದ್ದಕ್ಕೇ, ಡ್ರೇನ್ ಗಾಯದ ನೇರಕ್ಕೆ, ಹತ್ತಿರದಲ್ಲೇ.

ತೆಗೆದ ಗಂಟನ್ನು ಮನೆಯವರಿಗೆ ತೋರಿಸಿ ಬಿಸಾಡುವುದಂತೂ ಅಕ್ಷಮ್ಯ. ಪೂರ್ತಿ ಗಂಟು, ಅದರ ಹತ್ತು ಪಟ್ಟು ಪ್ರಮಾಣದ, ಅಂಗಾಂಶ ಕೆಡದಂತೆ ಇಡುವ ಶೇ. 10ರ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ ಹೋಗಬೇಕು. ಸಾದಾ ಕೊಬ್ಬಿನ ಗಂಟಾದ ಲೈಪೋಮಾದಂತೆಯೇ ಕಾಣುವ ಲೈಪೋಸಾರ್ಕೋಮಾವನ್ನು (ಕೊಬ್ಬಿನ ಸಾರ್ಕೋಮಾ) ಬೇರ್ಪಡಿಸಲು ಎಂಡಿಎಂ2 ಜೀನ್‌ನ ಪ್ರತಿಗಳು ಹೆಚ್ಚಿವೆಯೇ ಎಂದು ಫಿಶ್ ಎಂಬ ಜೀನ್ ಪರೀಕ್ಷೆ ಮಾಡುತ್ತಾರೆ. ಸೈನೋವಿಯಲ್ ಸಾರ್ಕೋಮಾ ಎಂಬ ಬಗೆ ಇರಬಹುದೆನಿಸಿದರೆ ಎಸ್‌ಎಸ್18 ಜೀನ್ ತುಂಡಾಗಿದೆಯೇ ಎಂದು ನೋಡುತ್ತಾರೆ.

ಸಾರ್ಕೋಮಾ ಖಚಿತವಾದರೆ ಎದೆಯ ಸಿಟಿ ಮಾಡಿಸಬೇಕು, ಯಾಕೆಂದರೆ ಹೆಚ್ಚಾಗಿ ಮೊದಲು ಹರಡುವುದು ಶ್ವಾಸಕೋಶಕ್ಕೆ. ಮಿಕ್ಸಾಯ್ಡ್ ಎಂಬ ಬಗೆಯ ಲೈಪೋಸಾರ್ಕೋಮಾ ಬೆನ್ನುಮೂಳೆಗೂ ಹೋಗುವುದರಿಂದ ಅದಕ್ಕೆ ಬೆನ್ನಿನ ಎಂಆರ್‌ಐ ಕೂಡ. ಆಳದ, ದೊಡ್ಡ, ಹೈ ಗ್ರೇಡ್ ಗಡ್ಡೆಗೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಾಗುತ್ತದೆ. ಆಪರೇಷನ್‌ಗೆ ಮುಂಚೆ ಕೊಟ್ಟರೆ 5 ವಾರ, 25 ಸಲ, ಒಟ್ಟು 50 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ). ಗಾಯ ಮಾಯುವುದು ತಡವಾಗಬಹುದು. ನಂತರ ಕೊಟ್ಟರೆ 60ರಿಂದ 66 ಗ್ರೇ. ಕಾಲು ಗಡುಸಾಗಿ ಕೀಲು ಬಿಗಿಯುವ ತೊಂದರೆ ಹೆಚ್ಚು.

ಈಗಾಗಲೇ ತೆಗೆಸಿ, ರಿಪೋರ್ಟಿನಲ್ಲಿ ಸಾರ್ಕೋಮಾ ಎಂದು ಬಂದಿದ್ದರೆ ‘ಮತ್ತೆ ಬಂದಾಗ ನೋಡೋಣ’ ಅನ್ನಬೇಡಿ. ಬರಿ ರಿಪೋರ್ಟ್ ಸಾಲದು. ಗಡ್ಡೆಯ ತುಣುಕುಗಳಿರುವ ಮೇಣದ ಬ್ಲಾಕ್‌ಗಳು, ಸ್ಲೈಡ್‌ಗಳು, ಆಪರೇಷನ್ ನೋಟ್, ಹಳೆಯ ಸ್ಕ್ಯಾನ್ ಇದ್ದರೆ ಅದರ ಸಿ.ಡಿ., ಎಲ್ಲವನ್ನೂ ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಒಯ್ಯಿರಿ.